ಬೇತಮಂಗಲದ ತೂಬು, ಪಣಂಬೂರಿನ ಧಕ್ಕೆ

ಬೇತಮಂಗಲದ ಕೆರೆ ಏರಿಯ ಮೇಲೆ ನಿಂತರೆ ಸಮುದ್ರದ ನೆನಪು ಬರಲು ಯಾವ ಕಾರಣವೂ ಇಲ್ಲ. ಮೂಡಣದ ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಪಡುವಣದ ಕಡಲು ಘಟ್ಟದ ಕೆಳಗೆ. ಸುತ್ತ ಕಾಣುವುದು ಜಾಲಿ ಮರ, ಗುಂಡುಬಂಡೆಗಳ ಗುಡ್ಡ, ಟೊಮೇಟೊ ತೋಟ, ಮಳೆ ಬಂದ ವರ್ಷ ಕಣ್ಣಿಗೆ ತಂಪಾಗುವಷ್ಟು ನೀರು. ಆದರೂ ಕೆಲವು ತಿಂಗಳಿಂದ ಬಂದರುಗಳ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಈ ಏರಿಗೇ ಬಂದು ನಿಲ್ಲುತ್ತಿದೆ. ಒಂದು ಕಂಪನಿ ತನ್ನ ಅದಿರಿಗೋ ಕಲ್ಲಿದ್ದಲಿಗೋ ಎಂದು ಕಟ್ಟಿಕೊಂಡ ಬಂದರನ್ನು ಊರಿನ ಎಲ್ಲ ವರ್ತಕರ ಸರಕಿಗೂ ತೆರೆಯಬಹುದೆ, ತೆರೆದರೆ ಏನಾಗುತ್ತದೆ ಎಂಬ ಪ್ರಶ್ನೆ ಈಗ ಕರಾವಳಿಯಲ್ಲಿ ಕೇಳಿಬರುತ್ತಿದೆ. ಅದೇ ಪ್ರಶ್ನೆಯನ್ನು ನಮ್ಮ ಬಯಲುಸೀಮೆ ನೂರು ವರ್ಷಕ್ಕೂ ಹಿಂದೆ ಎದುರಿಸಿದೆ. ಒಂದೇ ಉದ್ಯಮಕ್ಕಾಗಿ, ಅಂದರೆ ಕೋಲಾರದ ಚಿನ್ನದ ಗಣಿಗಳಿಗಾಗಿ, ಇಲ್ಲಿ ರೈಲು ಬಂದಿತು, ವಿದ್ಯುತ್ ಬಂದಿತು, ನೀರಿನ ಕೊಳವೆ ಬಂದಿತು. ಮೂರೂ ಕಾಲಕ್ರಮದಲ್ಲಿ ಜನರ ಕೈಗೆ ಬಂದವು. ಮೂರರ ಗತಿಯೂ ಬೇರೆ ಬೇರೆಯಾಯಿತು.

ಮೊದಲು ಕೆರೆಯ ಮಾತು. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಕೆರೆ ಗಣಿಗಳಿಗಿಂತ ಸಾವಿರ ವರ್ಷ ಹಳೆಯದು. ಒಡೆದ ಏರಿಯನ್ನು ಹತ್ತನೇ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಸರಿಪಡಿಸಿದ್ದು ಶಾಸನದಲ್ಲಿದೆ. ಪಾಲಾರ್ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೆರೆಯಿಂದ ಕೆರೆಗೆ ಕೋಡಿ ಹರಿಯುತ್ತ ಬಂದು, ಬೇತಮಂಗಲ, ರಾಮಸಾಗರ ದಾಟಿ ಆಂಧ್ರಕ್ಕೂ ಅಲ್ಲಿಂದ ತಮಿಳುನಾಡಿಗೂ ಇಳಿಯುತ್ತದೆ. ಇಂಥ ಕೆರೆ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ತೂಬು ಎತ್ತುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕಡೆಯ ಗದ್ದೆಯವನ ಸರದಿ ಯಾವಾಗ, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಯಾರು ಎಷ್ಟು ಬಿತ್ತಬೇಕು ಎಂಬುದೆಲ್ಲ ಊರಿನ ಕಟ್ಟಳೆ. ನೀರುಗಂಟಿಯ ಕೂಲಿಯನ್ನು ಎಲ್ಲರ ಕಣದಿಂದಲೂ ಅಳೆದು ಕೊಡುತ್ತಿದ್ದರು. ಈ ನೀರುಗಂಟಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಹಡಗುಗಳ ನಡುವೆ ಅವನನ್ನೇ ಹುಡುಕಬೇಕಾಗುತ್ತದೆ.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಾಗ ಹಳಿ ಬೇತಮಂಗಲವನ್ನು ಮುಟ್ಟಲಿಲ್ಲ. ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿದ್ದ ಊರು ಹಿಂದೆ ಬಿತ್ತು. ನಿಲ್ದಾಣದ ಸುತ್ತ ಬೆಳೆದ, ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಮುಂದೆ ಬಂದಿತು. ಅದೇ ಇಂದಿನ ಬಂಗಾರಪೇಟೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿ ಗಣಿಗಳು ಚಿಗುರಿದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳ ಕಡೆಗೆ ಹದಿನಾರು ಕಿಲೋಮೀಟರ್ ಆಸುಪಾಸಿನ ಕವಲು ಹಳಿ ತೆರೆಯಿತು. ಮೈಸೂರು ಸಂಸ್ಥಾನದ ಹಣ, ಗಣಿಯ ಗರಜು. ಉಗಿಯಂತ್ರಗಳಿಗೆ ಕಲ್ಲಿದ್ದಲು, ಸೌದೆ, ಯಂತ್ರದ ಬಿಡಿಭಾಗ ಒಳಕ್ಕೆ ಹೋಗಲೆಂದೇ ಆ ದಾರಿ. ಹೊರಕ್ಕೆ ಬರುವ ಚಿನ್ನಕ್ಕೆ ಒಂದು ಪೆಟ್ಟಿಗೆ ಸಾಕು. ಅಂದರೆ ಅದು ಒಮ್ಮುಖದ ಹಳಿ, ತುಂಬಿ ಹೋಗಿ ಖಾಲಿ ಬರುವ ಹಳಿ. ಒಬ್ಬರಿಗಾಗಿ ಕಟ್ಟಿದ ವ್ಯವಸ್ಥೆಗಳ ಮೊದಲ ಗುರುತು ಇದು. ಅವುಗಳ ಅರ್ಧ ಶಕ್ತಿ ಹುಟ್ಟಿನಿಂದಲೇ ಖಾಲಿ ಇರುತ್ತದೆ.

ಆ ಹಳಿಯ ಮೇಲೆ ಈಗ ಕಲ್ಲಿದ್ದಲು ಬರುವುದಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಂದಿನಿಂದ ಆ ಹಳಿಯ ಸರಕು ಮನುಷ್ಯರೇ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲದಲ್ಲಿ ಬೆಳಕು ಹರಿಯುವ ಮೊದಲೇ ಬುತ್ತಿ ಹಿಡಿದು ರೈಲು ಹತ್ತುವವರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಗಣಿಗೆ ಒಳಕ್ಕೆ ತುಂಬಿ ಹೋಗುತ್ತಿದ್ದ ಹಳಿ ಬೆಳಿಗ್ಗೆ ಹೊರಕ್ಕೆ ತುಂಬಿ ಬರುತ್ತದೆ. ಗಣಿ ಸತ್ತ ಮೇಲೂ ಊರು ಉಸಿರಾಡುತ್ತಿದ್ದರೆ ಅದಕ್ಕೆ ಈ ಹಳಿಯೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಇಲ್ಲಿ ತೆರೆಯುವುದು ಸುಲಭವಾಗಿತ್ತು. ಗಣಿಯ ಬಂಡಿಗೂ ಜನರ ಬಂಡಿಗೂ ಹಳಿಯ ಅಗಲ ಒಂದೇ. ಕವಲು ಹೋಗಿ ಸೇರುವುದು ದೇಶದ ದೊಡ್ಡ ಹಳಿಗೇ. ಹಳಿ ನೋಡಿಕೊಳ್ಳುವ ಹೊಣೆ ಗಣಿಯದಲ್ಲ, ರೈಲ್ವೆಯದು. ಈ ಮೂರು ಅನುಕೂಲ ಎಲ್ಲ ಕಡೆ ಸಿಗುವುದಿಲ್ಲ.

ವಿದ್ಯುತ್ತಿನ ಕಥೆ ಇದಕ್ಕಿಂತ ತೊಡಕಿನದು, ಹಾಗಾಗಿ ಹೆಚ್ಚು ಕಲಿಸುವಂಥದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಎಂಜಿನಿಯರ್ ಲೋಟ್‌ಬಿನಿಯೆರ್ ಕೈಯಲ್ಲಿ ಕಟ್ಟಿದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರ ಜೂನ್ 30ರಂದು ಚಾಲೂ ಆಯಿತು. ಅದರ ವಿದ್ಯುತ್ ಮೊದಲು ಹೋದದ್ದು ಮೈಸೂರಿನ ಅರಮನೆಗಲ್ಲ, ಬೆಂಗಳೂರಿನ ಬೀದಿಗಲ್ಲ. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನೇರ ಕೋಲಾರದ ಚಿನ್ನದ ಗಣಿಪ್ರದೇಶಕ್ಕೆ, ಅಂದರೆ ಕೆಜಿಎಫ್‌ಗೆ. ಅಂದಿಗೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಮೂವತ್ತು ಸಾವಿರ ವೋಲ್ಟ್ ಆಸುಪಾಸಿನ ಒತ್ತಡ ಇಟ್ಟದ್ದಕ್ಕೆ ಸರಳ ಕಾರಣವಿದೆ. ತಂತಿಯಲ್ಲಿ ಬಿಸಿಯಾಗಿ ಸೋರಿಹೋಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ ಹತ್ತರಲ್ಲಿ ಒಂದಾಗುತ್ತದೆ, ಅದೇ ತಂತಿಯ ಸೋರಿಕೆ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಕಾವೇರಿಯ ಶಕ್ತಿ ಬಯಲುಸೀಮೆಯ ಬಂಡೆಯನ್ನು ಕೊರೆದದ್ದು ಈ ಲೆಕ್ಕದ ಬಲದಿಂದ.

ಗಣಿಯ ಹಸಿವಿಗೂ ಊರಿನ ಹಸಿವಿಗೂ ವೇಳೆ ಬೇರೆ. ಅದಿರು ಕುಟ್ಟುವ ಗಿರಣಿ ಹಗಲು ರಾತ್ರಿ ನಿಲ್ಲುವುದಿಲ್ಲ. ಪಂಪು, ಗಾಳಿ ಒತ್ತುವ ಯಂತ್ರ ಭಾನುವಾರವೂ ತಿರುಗಬೇಕು. ದಿನವಿಡೀ ಒಂದೇ ಸಮನೆ ವಿದ್ಯುತ್ ಕೊಳ್ಳುವ ಗಿರಾಕಿ ಸಿಕ್ಕರೆ ವಿದ್ಯುತ್ ಕೇಂದ್ರಕ್ಕೆ ಅದಕ್ಕಿಂತ ಭಾಗ್ಯ ಇಲ್ಲ. ಗಣಿಯ ಕರಾರು ಇಲ್ಲದಿದ್ದರೆ ಅಷ್ಟು ದೊಡ್ಡ ಸಾಲಸೋಲಕ್ಕೆ ಸಂಸ್ಥಾನ ಕೈಹಾಕುತ್ತಿತ್ತೆ ಎಂಬುದು ಅನುಮಾನ. ಊರಿಗೆ ಬೆಳಕು ಬೇಕಾಗುವುದು ಸಂಜೆ ಮಾತ್ರ. ಬೆಂಗಳೂರಿನ ಬೀದಿದೀಪಗಳು 1905ರ ಆಗಸ್ಟ್ 5ರಂದು ಹೊತ್ತಿಕೊಂಡದ್ದು ಇದೇ ಶಿವನಸಮುದ್ರದ ವಿದ್ಯುತ್ತಿನಿಂದ. ಮೈಸೂರು ನಗರಕ್ಕೆ 1908ರಲ್ಲಿ ಬೆಳಕು ಬಂದಿತು. ಒಬ್ಬ ದೊಡ್ಡ ಗಿರಾಕಿಗಾಗಿ ಹಾಕಿದ ಬಂಡವಾಳದ ಬೆನ್ನೇರಿ ಸಾವಿರಾರು ಸಣ್ಣ ಗಿರಾಕಿಗಳು ಬಂದರು. ಅವರೆಲ್ಲರ ಗರಿಷ್ಠ ಬೇಡಿಕೆ ಒಂದೇ ಗಳಿಗೆಗೆ ಬೀಳುವುದಿಲ್ಲವಾದ್ದರಿಂದ, ಎಲ್ಲರ ಬೇಡಿಕೆಯನ್ನು ಕೂಡಿದ ಮೊತ್ತದಷ್ಟು ದೊಡ್ಡ ಕೇಂದ್ರ ಬೇಕಾಗುವುದಿಲ್ಲ. ಹಂಚಿಕೊಳ್ಳುವುದರ ಲಾಭ ಅಡಗಿರುವುದು ಈ ವೇಳೆಯ ವ್ಯತ್ಯಾಸದಲ್ಲಿ.

ತೊಡಕು ಬೇರೆ ಕಡೆ ಇತ್ತು. ಆ ವ್ಯವಸ್ಥೆ ಸೆಕೆಂಡಿಗೆ 25 ಸೈಕಲ್ಲಿನದು. ಉದ್ದದ ತಂತಿಗೂ ನಿಧಾನ ತಿರುಗುವ ಭಾರಿ ಮೋಟಾರಿಗೂ ಆ ಕಾಲದಲ್ಲಿ ಅದೇ ಹಿತ ಎನಿಸಿತ್ತು. ದೀಪಕ್ಕೆ ಅದು ಒಗ್ಗುವುದಿಲ್ಲ. 25 ಸೈಕಲ್ ಎಂದರೆ, ಸೈಕಲ್ಲಿಗೆ ಎರಡು ಸಲದಂತೆ, ಬಲ್ಬಿನ ತಂತಿ ಸೆಕೆಂಡಿಗೆ ಐವತ್ತು ಸಲ ಮಂಕಾಗಿ ಬೆಳಗುತ್ತದೆ, ಕಣ್ಣಿಗೆ ಆ ಮಿನುಗು ತಟ್ಟುತ್ತದೆ. 50 ಸೈಕಲ್ಲಿನಲ್ಲಿ ನೂರು ಸಲ ಆಗುವುದರಿಂದ ತಟ್ಟುವುದಿಲ್ಲ. ಮುಂದೆ ದೇಶವೆಲ್ಲ 50ಕ್ಕೆ ನಿಂತಿತು. 25ರ ಮೋಟಾರು 50ರ ಜಾಲದಲ್ಲಿ ಓಡುವುದಿಲ್ಲ. ಎರಡು ಜಾಲಗಳನ್ನು ಕೂಡಿಸಲು ನಡುವೆ ಸೈಕಲ್ ಬದಲಿಸುವ ಯಂತ್ರವೇ ಬೇಕು. ಗಣಿಗೆ ಹೊಂದಿಸಿದ ಮಿಡಿತವನ್ನು ನಾಡಿನ ಮಿಡಿತಕ್ಕೆ ತರಲು ವರ್ಷಗಳು ಹಿಡಿದವು. ಒಬ್ಬರಿಗಾಗಿ ಕಟ್ಟಿದ್ದರಲ್ಲಿ ಅವರದೇ ಒಂದು ಮಿಡಿತ ಸೇರಿಕೊಂಡಿರುತ್ತದೆ. ಕಾಗದದ ಮೇಲೆ ಸಹಿ ಹಾಕಿ ಅದನ್ನು ಬದಲಿಸಲಾಗುವುದಿಲ್ಲ.

ಈಗ ಕಡಲಿಗೆ ಹೋಗೋಣ. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಮರುವರ್ಷ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಹಣ ಕೊಡುವುದು, ಅದಿರು ಕೊಳ್ಳುವುದು, ಎರಡೂ ಇರಾನ್ ಎಂಬುದು ಕರಾರು. ಘಟ್ಟದ ಮೇಲೆ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಸಿ, ಅಲ್ಲಿ ನೀರು ಹಿಂಡಿ ತೆಗೆದು, ಪಟ್ಟಿಯ ಮೇಲೆ ಹರಿಸಿ, ಹಡಗು ತುಂಬುವ ಯಂತ್ರದಿಂದ ಹಡಗಿನ ಹೊಟ್ಟೆಗೆ ಸುರಿಯುವುದು. ಗಣಿಯಿಂದ ಹಡಗಿನವರೆಗೆ ಒಂದೇ ಸರಪಳಿ. ಬಂದರಿನಲ್ಲಿ ಅದಕ್ಕೆಂದೇ ಒಂದು ಧಕ್ಕೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಇಲ್ಲವಾದ. ಒಬ್ಬನೇ ಗಿರಾಕಿಯನ್ನು ನಂಬಿ ಕಟ್ಟಿದ್ದು ಕೆಲಸ ಶುರುವಾಗುವ ಮೊದಲೇ ಅನಾಥವಾಯಿತು. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿ, 1987ರಲ್ಲಿ ಮಂಗಳೂರಿನಲ್ಲೇ ಅದಿರಿನ ಉಂಡೆ ಮಾಡುವ ಕಾರ್ಖಾನೆ ತೆರೆದು ಉಳಿದುಕೊಂಡಿತು. ಮತ್ತೆ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಘಟ್ಟದ ಕಾಡಿಗೂ ಭದ್ರೆಗೂ ಅದು ಆಗಬೇಕಾದ ನ್ಯಾಯವೇ. ಆದರೆ ಆ ಕೊಳವೆಯಲ್ಲಿ ಬೇರೆ ಏನನ್ನು ಹರಿಸಲು ಸಾಧ್ಯ? ಹಡಗು ತುಂಬುವ ಯಂತ್ರ ಹಡಗಿನಿಂದ ಕಲ್ಲಿದ್ದಲನ್ನು ಇಳಿಸಲಾರದು. ಧಕ್ಕೆ ಖಾಲಿ ಇದೆ ಎಂದ ಮಾತ್ರಕ್ಕೆ ಗೋಡಂಬಿಗೋ ಕಾಫಿಗೋ ಅದು ಸಿದ್ಧವಾಗಿದೆ ಎಂದಲ್ಲ.

ಇಂಥ ಯಂತ್ರದ ತೊಡಕನ್ನು ಹಣ ಕೊಟ್ಟು ಬಿಡಿಸಬಹುದು. ಇನ್ನೊಂದು ತೊಡಕಿದೆ. ಅದು ಲೆಕ್ಕದ್ದು, ಮೇಲ್ನೋಟಕ್ಕೆ ಕಾಣಿಸುವುದಿಲ್ಲ. ಸ್ವಂತ ಬಂದರು ಇರುವ ಕಂಪನಿಯ ಧಕ್ಕೆ ನೂರರಲ್ಲಿ ಎಂಬತ್ತು ದಿನ ಕೆಲಸದಲ್ಲಿದೆ, ಇಪ್ಪತ್ತು ದಿನ ಖಾಲಿ ಎಂದುಕೊಳ್ಳೋಣ. ಆ ಇಪ್ಪತ್ತು ದಿನಗಳನ್ನು ಬೇರೆಯವರಿಗೆ ಕೊಟ್ಟರೆ ಯಾರ ಗಂಟು ಹೋಗುತ್ತದೆ ಎಂದು ಕೇಳುವುದು ಸಹಜ. ಆದರೆ ಕಂಪನಿಯ ಹಡಗುಗಳು ಅದರ ಮಾತಿನಂತೆ ಬರುತ್ತವೆ. ಒಂದು ಹೊರಟ ಮೇಲೆ ಇನ್ನೊಂದು. ಹಾಗಾಗಿ ಧಕ್ಕೆಗೆ ಎಷ್ಟು ಕೆಲಸ ಇದ್ದರೂ ಕಾಯುವ ಪ್ರಸಂಗ ಕಡಿಮೆ. ಊರಿನ ವರ್ತಕರ ಹಡಗುಗಳು ಗಾಳಿ, ಮಳೆ, ಮಾರುಕಟ್ಟೆ ನೋಡಿಕೊಂಡು ಬರುತ್ತವೆ. ಇವತ್ತು ಮೂರು, ನಾಳೆ ಒಂದೂ ಇಲ್ಲ. ಬಂದ ಸರಕು ಇಳಿಸಲು ಒಂದಕ್ಕೆ ಅರ್ಧ ದಿನ, ಇನ್ನೊಂದಕ್ಕೆ ಎರಡು ದಿನ.

ಹೀಗೆ ಗೊತ್ತುಗುರಿ ಇಲ್ಲದೆ ಬರುವವರ ಸಾಲಿನ ಗಣಿತವನ್ನು ಮೊದಲು ಕಟ್ಟಿದವರು ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅವರು 1909ರಲ್ಲಿ ಕರೆಗಳ ಬಗ್ಗೆ ಬರೆದದ್ದು ಇಂದು ಹಡಗಿಗೂ ಆಸ್ಪತ್ರೆಗೂ ಬ್ಯಾಂಕಿಗೂ ಅನ್ವಯಿಸುತ್ತದೆ. ಅದರ ಅತ್ಯಂತ ಸರಳ ಸೂತ್ರದಿಂದ ಲೆಕ್ಕ ಹಾಕೋಣ. ಒಂದೇ ಧಕ್ಕೆ, ಒಂದು ಹಡಗಿಗೆ ಸರಾಸರಿ ಒಂದು ದಿನದ ಕೆಲಸ. ಧಕ್ಕೆ ನೂರರಲ್ಲಿ ಐವತ್ತು ಪಾಲು ಹೊತ್ತು ತುಂಬಿದ್ದರೆ ಬಂದ ಹಡಗು ಸರಾಸರಿ ಒಂದು ದಿನ ಕಾಯಬೇಕು. ಎಂಬತ್ತು ಪಾಲು ತುಂಬಿದರೆ ನಾಲ್ಕು ದಿನ. ತೊಂಬತ್ತಾದರೆ ಒಂಬತ್ತು ದಿನ. ತೊಂಬತ್ತೈದಾದರೆ ಹತ್ತೊಂಬತ್ತು ದಿನ! ಎಂಬತ್ತರಿಂದ ತೊಂಬತ್ತೈದಕ್ಕೆ ಏರಿದ್ದು ಹದಿನೈದು ಪಾಲು ಮಾತ್ರ, ಕಾಯುವುದು ಐದು ಪಟ್ಟಿಗೆ ಹತ್ತಿರ. ಧಕ್ಕೆಯ ಖಾಲಿ ಹೊತ್ತು ಪೋಲಾಗುತ್ತಿರುವ ಹೊತ್ತಲ್ಲ. ನಾಳೆ ಯಾರು ಬರುತ್ತಾರೋ ಎಂದು ಮೀಸಲಿಟ್ಟ ಜಾಗ ಅದು, ಮನೆಯಲ್ಲಿ ನೆಂಟರಿಗೆಂದು ಮಡಚಿಟ್ಟ ಚಾಪೆಯ ಹಾಗೆ. ಅದನ್ನೂ ಮಾರಿಬಿಟ್ಟರೆ ಹಡಗುಗಳು ಹೊರಗಡಲಲ್ಲಿ ಲಂಗರು ಹಾಕಿ ನಿಲ್ಲುತ್ತವೆ, ನಿಂತ ಪ್ರತಿ ದಿನದ ಬಾಡಿಗೆ ಕೊನೆಗೆ ಸರಕಿನ ಬೆಲೆಗೆ ಬಂದು ಸೇರುತ್ತದೆ.

ಇದನ್ನು ನೋಡಿ ತೆರೆಯಲೇಬಾರದು ಎನ್ನುವುದೂ ತಪ್ಪು. ಅದೇ ಗಣಿತ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಪಕ್ಕಪಕ್ಕದಲ್ಲಿ ಇಬ್ಬರು ಕಂಪನಿಯವರ ಎರಡು ಧಕ್ಕೆಗಳಿವೆ, ಎರಡೂ ಎಂಬತ್ತು ಪಾಲು ತುಂಬಿವೆ, ಹಡಗುಗಳು ಅಡ್ಡಾದಿಡ್ಡಿ ಬರುತ್ತವೆ ಎನ್ನೋಣ. ಬೇರೆ ಬೇರೆಯಾಗಿದ್ದರೆ ಪ್ರತಿ ಹಡಗಿಗೂ ನಾಲ್ಕು ದಿನದ ಕಾಯುವಿಕೆ. ಎರಡನ್ನೂ ಕೂಡಿಸಿ, ಒಂದೇ ಸಾಲು ಮಾಡಿ, ಯಾವುದು ಖಾಲಿಯಾಯಿತೋ ಅಲ್ಲಿಗೆ ಮುಂದಿನ ಹಡಗು ಎಂದರೆ ಅದು ಎರಡು ದಿನಕ್ಕಿಂತ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ ಸುಮಾರು 1.8 ದಿನ. ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡಬೇಕಿಲ್ಲ. ಬಂಗಾರಪೇಟೆ ನಿಲ್ದಾಣದ ಟಿಕೆಟ್ ಕಿಟಕಿಗಳ ಮುಂದೆ ಎರಡು ಸಾಲು ನಿಂತು, ಒಂದು ಸರಸರ ಸಾಗಿ ಇನ್ನೊಂದು ಕದಲದೆ ಇದ್ದಾಗ ಎಲ್ಲರಿಗೂ ಹೊಳೆಯುವ ಸತ್ಯವೇ ಇದು. ಒಬ್ಬರಿಗೇ ಮೀಸಲಾದ ಬಂದರುಗಳನ್ನು ತೆರೆಯುವುದರ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಈ ಕೂಡುಸಾಲು. ಒಂದು ಷರತ್ತು ಮಾತ್ರ ಇದೆ. ಸಾಲು ನಿಜವಾಗಿ ಒಂದೇ ಆಗಿರಬೇಕು. ಒಡೆಯನ ಹಡಗು ಬಂದಾಗಲೆಲ್ಲ ಮುಂದಕ್ಕೆ ಹೋಗುವುದಾದರೆ ಉಳಿದವರ ಪಾಲಿಗೆ ಬರುವುದು ಉಳಿಕೆಯ ಹೊತ್ತು. ಯಾವಾಗ ಸಿಗುತ್ತದೆಂದು ತಿಳಿಯದ ಉಳಿಕೆಯನ್ನು ನಂಬಿ ಯಾವ ವರ್ತಕನೂ ಸರಕು ತರಲಾರ.

ಆಸ್ಟ್ರೇಲಿಯದ ಪಿಲ್ಬರಾದಲ್ಲಿ ತೆರೆಯಬೇಕೆ ಬೇಡವೆ ಎಂಬ ಈ ಜಗಳ ರೈಲು ಹಳಿಗಳ ವಿಷಯದಲ್ಲಿ ಎಂಟು ವರ್ಷಕ್ಕೂ ಮೀರಿ ನಡೆಯಿತು. ದೊಡ್ಡ ಅದಿರು ಕಂಪನಿಗಳ ಸ್ವಂತ ರೈಲು ಹಳಿಯನ್ನು ತನಗೂ ತೆರೆಯಿರಿ ಎಂದು ಹೊಸದಾಗಿ ಬಂದ ಫೋರ್ಟೆಸ್ಕ್ಯೂ ಕಂಪನಿ 2004ರಲ್ಲಿ ಅರ್ಜಿ ಹಾಕಿತು. ಹಳಿ ತಮ್ಮ ಕಾರ್ಖಾನೆಯ ಒಂದು ಅಂಗ, ಇನ್ನೊಬ್ಬರ ಗಾಡಿ ನಡುವೆ ಬಂದರೆ ತಮ್ಮ ಲಯ ತಪ್ಪುತ್ತದೆ ಎಂಬುದು ಒಡೆಯರ ವಾದ. 2012ರಲ್ಲಿ ದೇಶದ ಉನ್ನತ ನ್ಯಾಯಾಲಯ ತೀರ್ಪು ಕೊಡುವ ಹೊತ್ತಿಗೆ ಫೋರ್ಟೆಸ್ಕ್ಯೂ ತನ್ನದೇ ಹಳಿ ಹಾಕಿಕೊಂಡು 2008ರಿಂದಲೇ ಅದಿರು ಸಾಗಿಸುತ್ತಿತ್ತು. ಒಂದೇ ಮರಳುಗಾಡಿನಲ್ಲಿ ಹಳಿಗಳ ಮೇಲೆ ಹಳಿ. ಅಲ್ಲಿ ನೆಲಕ್ಕೆ ಬರವಿಲ್ಲ. ಮೀನುಗಾರರ ಹಳ್ಳಿಗಳು ಒತ್ತೊತ್ತಾಗಿರುವ ನಮ್ಮ ಕರಾವಳಿಯಲ್ಲಿ ಕಂಪನಿಗೊಂದು ಬಂದರು ಕಟ್ಟುತ್ತ ಹೋಗುವಷ್ಟು ಮರಳು ದಂಡೆ ಇಲ್ಲ. ಈ ಕಾರಣಕ್ಕಾದರೂ ಇರುವುದನ್ನು ಹಂಚಿಕೊಳ್ಳುವ ದಾರಿ ಕಲಿಯಲೇಬೇಕು. ನಮ್ಮಲ್ಲೇ ಅದಕ್ಕೆ ಮಾದರಿ ಇದೆ. ತೈಲ ಕೊಳವೆಗಳಲ್ಲಿ ಮಿಕ್ಕ ಸಾಮರ್ಥ್ಯವನ್ನು ಭೇದವಿಲ್ಲದೆ ಬೇರೆಯವರಿಗೂ ಕೊಡಬೇಕೆಂಬ ತತ್ವ 2006ರ ಪೆಟ್ರೋಲಿಯಂ ನಿಯಂತ್ರಣ ಮಂಡಳಿ ಕಾಯ್ದೆಯಲ್ಲಿದೆ. ವಿದ್ಯುತ್ ತಂತಿಗಳಿಗೆ 2003ರ ಕಾಯ್ದೆ ಮುಕ್ತ ಪ್ರವೇಶ ತಂದಿತು. ಎರಡರಲ್ಲೂ ಸಾಲನ್ನು ನೋಡಿಕೊಳ್ಳಲು ಒಡೆಯನಲ್ಲದ ಒಬ್ಬ ಮೂರನೆಯವನಿದ್ದಾನೆ. ನಮ್ಮ ಕೆರೆಯ ನೀರುಗಂಟಿಯ ಕೆಲಸವೇ ಅದು.

ಇಷ್ಟೆಲ್ಲ ಹೇಳಿದ ಮೇಲೆ ಬೇತಮಂಗಲದ ನೀರಿಗೆ ಮರಳಬೇಕು. ನನಗೆ ಹೆಚ್ಚು ನೋವು ಕೊಡುವ ಕಥೆ ಅದು.

1901ರಲ್ಲೇ ಗಣಿಪ್ರದೇಶದ ಜನಸಂಖ್ಯೆ ಸುಮಾರು 38 ಸಾವಿರ. ಅದಿರು ಅರೆಯಲು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಲು, ಇಷ್ಟು ಜನರ ಬಾಯಾರಿಕೆ ತಣಿಸಲು ಬೇಕಾದ ನೀರು ಆ ಬಂಡೆ ನೆಲದಲ್ಲಿ ಇರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಲ್ಲಿ ಬೇತಮಂಗಲದ ಕೆರೆಯ ಬಳಿ ಜಲಾಗಾರ ಎದ್ದಿತು. ನೀರನ್ನು ಸೋಸಿ, ಪಂಪು ಮಾಡಿ ಹತ್ತು ಕಿಲೋಮೀಟರ್ ಆಸುಪಾಸಿನ ದೂರಕ್ಕೆ ಕಳಿಸಿದರು. ಊರಿಗೆಲ್ಲ ಸೇರಿದ್ದ ಕೆರೆಯ ಮೇಲೆ ಗಣಿಯ ಪಾಲು ಕೂತಿತು. ಗಣಿ ಹೋದ ಮೇಲೆ ಆ ನೀರಿನ ಹೊಣೆ ಸಾರ್ವಜನಿಕ ಸಂಸ್ಥೆಗಳದು. ಹೀಗೆ ಕೆರೆ ಮತ್ತೆ ಜನರ ಕೈಗೆ ಬಂದಿತು. ಆದರೆ ಕೈಗೆ ಬಂದ ಕೆರೆಯಲ್ಲಿ ನೀರು ಎಷ್ಟು ವರ್ಷ ನಿಂತಿತು?

ಕೋಲಾರ ಜಿಲ್ಲೆಯ ವರ್ಷದ ಮಳೆ ಏಳುನೂರು ಮಿಲಿಮೀಟರ್ ಚಿಲ್ಲರೆ. ತೆರೆದ ನೀರಿನಿಂದ ಬಿಸಿಲು ವರ್ಷಕ್ಕೆ ಹೀರುವುದು ಒಂದೂವರೆ ಮೀಟರಿಗೂ ಹೆಚ್ಚು. ಇಲ್ಲಿ ಹೂಳಿನ ಲೆಕ್ಕ ಬರುತ್ತದೆ. ಸರಾಸರಿ ಮೂರು ಮೀಟರ್ ಆಳ ನೀರು ನಿಂತ ಕೆರೆಯಿಂದ ಒಂದೂವರೆ ಮೀಟರ್ ಆವಿಯಾದರೆ ಅರ್ಧ ನೀರು ಉಳಿಯುತ್ತದೆ. ಅದೇ ಕೆರೆಯಲ್ಲಿ ಒಂದು ಮೀಟರ್ ಹೂಳು ತುಂಬಿ ಆಳ ಎರಡು ಮೀಟರ್ ಆಯಿತೆಂದರೆ, ನೀರಿನ ಹರವು ಮೊದಲಿನಷ್ಟೇ ಇರುವುದರಿಂದ ಬಿಸಿಲು ಮೊದಲಿನಷ್ಟೇ ಕುಡಿಯುತ್ತದೆ. ಉಳಿಯುವುದು ಕಾಲು ಭಾಗ. ಹೂಳು ಕಸಿದದ್ದು ಮೂರರಲ್ಲಿ ಒಂದು ಪಾಲು, ಬಳಕೆಗೆ ಸಿಗುವ ನೀರು ಮಾತ್ರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಇದರ ಮೇಲೆ ಪಾಲಾರ್ ಪಾತ್ರದ ಮರಳು ಹೋಯಿತು, ಮೇಲಿನ ಬೀಳುಗಳಲ್ಲಿ ನೀಲಗಿರಿ ತೋಪು ಎದ್ದವು, ಪೋಷಕ ಕಾಲುವೆಗಳು ಒತ್ತುವರಿಯಾದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆಸಿ ವ್ಯಾಲಿ ಯೋಜನೆ 2018ರಲ್ಲಿ ಬಂದಿತು. ಇನ್ನೊಂದು ಗಂಟೂ ಇದೆ. 1892ರ ಮದ್ರಾಸ್-ಮೈಸೂರು ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್ ಇರುವುದರಿಂದ ಅದರ ಮೇಲೆ ಹೊಸ ಜಲಾಶಯ ಕಟ್ಟುವುದು ಸುಲಭವಲ್ಲ. ಇರುವ ಕೆರೆಯ ಆಳವೇ ನಮ್ಮ ಆಸ್ತಿ.

ಹಳಿ ಬದುಕಿತು, ತಂತಿ ಬದುಕಿತು, ಕೆರೆ ಮಾತ್ರ ಸೊರಗಿತು. ಯಾಕೆ? ಹಳಿಗೆ ರೈಲ್ವೆ ಇತ್ತು, ತಂತಿಗೆ ವಿದ್ಯುತ್ ಇಲಾಖೆ ಇತ್ತು. ಕೆರೆಗೆ ಇದ್ದ ಹಳೆಯ ನೀರುಗಂಟಿಯ ಕಟ್ಟಳೆ ಕಳಚಿಹೋಗಿತ್ತು, ಗಣಿಯ ಗರಜು ಮುಗಿದಿತ್ತು, ಹೊಸಬರು ಕೊಳವೆಯನ್ನು ವಹಿಸಿಕೊಂಡರೇ ಹೊರತು ಪಾಲಾರನ್ನು ವಹಿಸಿಕೊಳ್ಳಲಿಲ್ಲ. ತೂಬಿನ ಕೀಲಿ ಕೈ ಬದಲಾಯಿತು, ಹೂಳಿನ ಗುದ್ದಲಿ ಯಾರ ಕೈಗೂ ಹೋಗಲಿಲ್ಲ.

ಕೆಜಿಎಫ್‌ನಲ್ಲಿ ಜನರಿಗೆ ಬಳುವಳಿಯಾಗಿ ಬಂದದ್ದು ಇಷ್ಟೇ ಅಲ್ಲ. ಚಿನ್ನ ತೆಗೆದು ಉಳಿದ ನುಣ್ಣನೆಯ ಮಣ್ಣಿನ ರಾಶಿಗಳನ್ನು ಊರವರು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಬೀಸಿದ ದಿನ ಅದರ ಧೂಳು ಯಾರನ್ನೂ ಕೇಳದೆ ಎಲ್ಲರ ಅಡುಗೆಮನೆಗೂ ಬರುತ್ತದೆ. ಒಬ್ಬರಿಗಾಗಿ ಇದ್ದದ್ದನ್ನು ಎಲ್ಲರಿಗೂ ತೆರೆಯುವಾಗ ಅನುಕೂಲದ ಪಟ್ಟಿಯನ್ನು ಬರೆಯುವಷ್ಟೇ ಎಚ್ಚರದಿಂದ ಈ ಹೊರೆಯ ಪಟ್ಟಿಯನ್ನೂ ಬರೆಯಬೇಕಿತ್ತು.

ಪಣಂಬೂರಿಗೂ ಹೂಳು ಇದೆ. ಅದು ಕಡಲು ತಾನಾಗಿ ಕೊಟ್ಟ ಬಂದರಲ್ಲ. ದಂಡೆಯ ಒಳಗೆ ನೆಲ ಅಗೆದು ಮಾಡಿದ ಕೊಳ ಮತ್ತು ಅಲ್ಲಿಗೆ ಕಡಲಿನಿಂದ ತೋಡಿದ ದಾರಿ. ಪ್ರತಿ ಮುಂಗಾರಿನಲ್ಲೂ ಅಲೆಗಳು ಆ ದಾರಿಗೆ ಮರಳು, ಕೆಸರು ತಂದು ತುಂಬುತ್ತವೆ, ಮಳೆ ನಿಂತ ಮೇಲೆ ಅದನ್ನು ಎತ್ತಬೇಕು. ಆಳ ಒಂದು ಮೀಟರ್ ಕಡಿಮೆಯಾದರೂ ಹಡಗು ಅಷ್ಟು ಸರಕು ಬಿಟ್ಟು ಬರಬೇಕಾಗುತ್ತದೆ. ದೊಡ್ಡ ಹಡಗಿನಲ್ಲಿ ಅದು ಸಾವಿರಾರು ಟನ್. ಸ್ವಂತ ಬಂದರಿನಲ್ಲಿ ಹೂಳು ಯಾರದೆಂಬ ಪ್ರಶ್ನೆ ಇಲ್ಲ, ಒಡೆಯನದೇ. ಹತ್ತು ಜನ ಬಳಸುವಾಗ ಆಳ ಹೆಚ್ಚು ಬೇಕಾಗಿರುವುದು ಅದಿರಿನ ದೊಡ್ಡ ಹಡಗಿಗೆ, ಸಣ್ಣ ವರ್ತಕನ ಹಡಗಿಗಲ್ಲ. ಖರ್ಚನ್ನು ತಲೆಗೆ ಇಷ್ಟೆಂದು ಹಂಚಿದರೆ ಸಣ್ಣವನಿಗೆ ಅನ್ಯಾಯ, ಯಾರೂ ಕೊಡದಿದ್ದರೆ ಬೇತಮಂಗಲದ ಕೆರೆಯ ಗತಿ. ಹಡಗು ಎಷ್ಟು ಆಳ ಮುಳುಗುತ್ತದೆ ಎಂಬುದರ ಮೇಲೆ ಹೂಳಿನ ಪಾಲು ನಿಗದಿಯಾಗುವುದು ನನ್ನ ಮಟ್ಟಿಗೆ ಸರಿಯಾದ ದಾರಿ.

ಅಂಕೋಲೆಯ ಕೆಣಿಯಲ್ಲಿ ಈಗ ಹೊಸ ಬಂದರಿನ ಮಾತು ನಡೆದಿದೆ. ವರ್ಷಕ್ಕೆ ಮೂರು ಕೋಟಿ ಟನ್ ಸರಕಿನ ಸಾಮರ್ಥ್ಯ, 4,119 ಕೋಟಿ ರೂಪಾಯಿ ಅಂದಾಜು. 2023ರ ನವೆಂಬರಿನಲ್ಲಿ ಕರ್ನಾಟಕ ಜಲಸಾರಿಗೆ ಮಂಡಳಿ ಅದನ್ನು ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್‌ಗೆ ವಹಿಸಿತು. ಅದೇ ಸಮೂಹದ ಉಕ್ಕಿನ ಕಾರ್ಖಾನೆ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿದೆ. ಮೀನುಗಾರರು ಬಂದರನ್ನೇ ವಿರೋಧಿಸುತ್ತಿದ್ದಾರೆ. ಅವರ ಮಾತು ಮೊದಲು ತೀರ್ಮಾನವಾಗಬೇಕು, ಉಳಿದದ್ದೆಲ್ಲ ಆಮೇಲೆ. ಒಂದು ವೇಳೆ ಬಂದರು ಎದ್ದರೆ, ಎಲ್ಲರ ಸರಕಿಗೂ ತೆರೆದ ಬಂದರು ಎಂಬ ಮಾತು ಕರಾರಿನಲ್ಲಿದ್ದರಷ್ಟೇ ಸಾಲದು. ಅಂಕೋಲೆ, ಕಾರವಾರ, ಹುಬ್ಬಳ್ಳಿಯ ವರ್ತಕರೂ ಸಂಘಗಳೂ ಈಗಲೇ ಕೂಡಿ ಮಂಡಳಿಯನ್ನು ಕೇಳಬೇಕು: ಯಾವ ಹಡಗು ಯಾವ ದಿನ ಬಂದಿತು, ಎಷ್ಟು ಹೊತ್ತು ಕಾಯಿತು, ಯಾರ ನಂತರ ಧಕ್ಕೆಗೆ ಹೋಯಿತು ಎಂಬುದನ್ನು ದಿನದಿನವೂ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ಹೂಳು ಎತ್ತುವ ಹಣವನ್ನು ಮೊದಲ ಹಡಗು ಬರುವ ಮುಂಚೆ ಬೇರೆಯೇ ತೆಗೆದಿಡಿ. ಸರದಿ ನೋಡುವವನು ಒಡೆಯನ ಸಂಬಳದವನಾಗದಿರಲಿ. ಬೇತಮಂಗಲದಲ್ಲಿ ಈ ಮೂರನ್ನೂ ಯಾರೂ ಸಮಯಕ್ಕೆ ಕೇಳಲಿಲ್ಲ.